ಹಗಲನ್ನು ಸೋಸುವ ಗಾಜು

ಮುಳುಗಿದ ಜಲಾಂತರ್ಗಾಮಿಗೆ ಸುದ್ದಿ ಮುಟ್ಟಿಸಲು ಅಮೆರಿಕದ ನೌಕಾಪಡೆ ಕಾಡಿಗೆ ಹೋಗಬೇಕಾಯಿತು. ವಿಸ್ಕಾನ್ಸಿನ್‌ನ ಕ್ಲಾಮ್ ಲೇಕ್ ಮತ್ತು ಮಿಶಿಗನ್‌ನ ರಿಪಬ್ಲಿಕ್ ಎಂಬೆರಡು ಊರುಗಳ ಬಳಿ ಮರಗಳ ನಡುವೆ ಮೈಲುಗಟ್ಟಲೆ ತಂತಿ ಎಳೆದು ಅದು 1989ರಿಂದ 2004ರವರೆಗೆ ಒಂದು ಪ್ರಸಾರ ಕೇಂದ್ರ ನಡೆಸಿತು. ಅಲ್ಲಿಂದ ಹೊರಡುತ್ತಿದ್ದ ಅಲೆಯ ಕಂಪನಾಂಕ 76 ಹರ್ಟ್ಸ್. ನಮ್ಮ ಮನೆಯ ಕರೆಂಟಿನದು 50 ಹರ್ಟ್ಸ್. ಎರಡೂ ಹೆಚ್ಚುಕಡಿಮೆ ಒಂದೇ ಜಾತಿ. ಒಂದೊಂದು ಅಲೆಯ ಉದ್ದ ಸುಮಾರು 4,000 ಕಿಲೋಮೀಟರ್. ಮೂರೇ ಮೂರು ಅಕ್ಷರದ ಸಂಕೇತ ತಲುಪಲು 15 ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ಹೇಳಲು ಸಾಧ್ಯವಿದ್ದದ್ದು ‘ಮೇಲೆ ಬಾ, ವಿಷಯವಿದೆ’ ಎನ್ನುವಷ್ಟು ಮಾತ್ರ.

ಕಾರಣ ಉಪ್ಪು. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಹರಿಯುವ ವಸ್ತುವಿನೊಳಗೆ ರೇಡಿಯೊ ಅಲೆ ಬಹಳ ದೂರ ಹೋಗಲಾರದು. ಕಂಪನಾಂಕ ಇಳಿಸಿದಷ್ಟೂ ಅಲೆ ಸ್ವಲ್ಪ ಆಳಕ್ಕಿಳಿಯುತ್ತದೆ, ಆದರೆ ಅದರ ಮೇಲೆ ಹೇರಬಹುದಾದ ಮಾತು ಅಷ್ಟೇ ಕಡಿಮೆಯಾಗುತ್ತದೆ. ತಿರುನೆಲ್ವೇಲಿ ಬಳಿ ನಮ್ಮ ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರವಿದೆ. ಅದು ಬಳಸುವ ಹತ್ತಾರು ಕಿಲೋಹರ್ಟ್ಸ್ ಮಟ್ಟದ ಅಲೆಗಳು ಕಡಲ ಮೈಯಿಂದ ಹತ್ತಿಪ್ಪತ್ತು ಮೀಟರಿನ ಆಚೆ ದುರ್ಬಲವಾಗುತ್ತವೆ. ಶಬ್ದ ದೂರ ಹೋಗುತ್ತದೆ, ನಿಜ. ಆದರೆ ನೀರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಮೂರು ಕಿಲೋಮೀಟರ್ ಆಚೆಗಿನ ಯಂತ್ರವನ್ನು ಏನಾದರೂ ಕೇಳಿ ಉತ್ತರ ಪಡೆಯಲು ನಾಲ್ಕು ಸೆಕೆಂಡು ಬೇಕು. ವಿಡಿಯೊ ಕಳಿಸುವ ಮಾತಂತೂ ದೂರ.

ಉಳಿದದ್ದು ಬೆಳಕು. ಅದರಲ್ಲೂ ನೀಲಿ ಮತ್ತು ಹಸಿರು ಮಾತ್ರ. ಶುದ್ಧ ನೀರು ಅತಿ ಕಡಿಮೆ ಹೀರಿಕೊಳ್ಳುವ ಬೆಳಕಿನ ತರಂಗಾಂತರ ಸುಮಾರು 418 ನ್ಯಾನೋಮೀಟರ್ ಎಂದು 1997ರಲ್ಲಿ ಪೋಪ್ ಮತ್ತು ಫ್ರೈ ಅಳೆದು ತೋರಿಸಿದರು. ಅದು ನೇರಳೆ ಅಂಚಿನ ನೀಲಿ. ಕಡಲಿನಲ್ಲಿ ಶುದ್ಧ ನೀರಿನ ಜೊತೆಗೆ ಹಸಿರು ಪಾಚಿಕಣ, ಕೊಳೆತ ಎಲೆಗಳಿಂದ ಇಳಿದ ಹಳದಿ ರಸ, ಮಣ್ಣು ಎಲ್ಲ ಇರುತ್ತವೆ. ಇವು ನೀಲಿಯನ್ನೇ ಮೊದಲು ನುಂಗುವುದರಿಂದ ನೀರಿನೊಳಗಿನ ಈ ಕಿಟಕಿ ಹಸಿರಿನ ಕಡೆ ಸರಿಯುತ್ತದೆ. ನಡುಗಡಲಿನಲ್ಲಿ 450ರಿಂದ 480 ನ್ಯಾನೋಮೀಟರ್ ಒಳ್ಳೆಯದಾದರೆ ಕರಾವಳಿಯಲ್ಲಿ 520ರಿಂದ 550. ಮಳೆಗಾಲದಲ್ಲಿ ನೇತ್ರಾವತಿ ಕಡಲು ಸೇರುವ ಜಾಗದಲ್ಲಿ ಯಾವ ಬಣ್ಣವೂ ಒಳ್ಳೆಯದಲ್ಲ.

ಸಮುದ್ರದ ನೀಲಿಯ ಬಗ್ಗೆ ಮಾತು ಬಂದಾಗ ಸಿ.ವಿ. ರಾಮನ್ ಹೆಸರು ಬಂದೇ ಬರುತ್ತದೆ. ಈ ಅಧ್ಯಾಯಕ್ಕೆ ಅವರು ಬೇಕಾಗಿರುವುದು ಬೇರೆ ಕಾರಣಕ್ಕೆ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಅವರು ಒಂದು ನಿಕಾಲ್ ಪಟ್ಟಕದ ಮೂಲಕ ಕಡಲನ್ನು ನೋಡಿದರು. ಕಡಲಿನ ನೀಲಿ ಎಂದರೆ ಆಕಾಶದ ನೀಲಿಯ ಪ್ರತಿಬಿಂಬ ಎಂದು ಆಗಿನ ದೊಡ್ಡ ವಿಜ್ಞಾನಿ ಲಾರ್ಡ್ ರ‍್ಯಾಲಿ ಹೇಳಿದ್ದರು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸಿ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ನಿಕಾಲ್ ಪಟ್ಟಕವನ್ನು ತಿರುಗಿಸಿ ಆ ಬೆಳಕನ್ನು ಪೂರ್ತಿ ಕತ್ತರಿಸಿಹಾಕಬಹುದು. ರಾಮನ್ ಕತ್ತರಿಸಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂಬ ತೀರ್ಮಾನಕ್ಕೆ ಅವರು ಬಂದದ್ದು ಬೇಡದ ಬೆಳಕನ್ನು ಹೊರಗಿಟ್ಟು. ಕಡಲೊಳಗಿನ ಲೇಸರ್ ಸಂಪರ್ಕದ ಅರ್ಧ ವಿದ್ಯೆ ಇದೇ.

ಇನ್ನು ತೊಂದರೆಗೆ ಬರೋಣ. ನೀರು ಯಾವ ಬಣ್ಣಕ್ಕೆ ದಾರಿ ಬಿಡುತ್ತದೋ ಸೂರ್ಯ ಅದೇ ಬಣ್ಣದಲ್ಲಿ ಧಾರಾಳಿ. ಸೌರ ಬೆಳಕಿನ ಅತಿ ಪ್ರಖರ ಭಾಗ ನೀಲಿ-ಹಸಿರಿನ ಆಸುಪಾಸಿನಲ್ಲೇ ಇದೆ. ಲೆಕ್ಕ ಹಾಕಿ ನೋಡಿದರೆ ಇದರ ಗಾತ್ರ ತಿಳಿಯುತ್ತದೆ. ನಡುಮಧ್ಯಾಹ್ನ, ತಿಳಿಯಾದ ನಡುಗಡಲು. ಕಡಲ ಮೈಮೇಲೆ ನೀಲಿ ಬೆಳಕಿನ ಪ್ರತಿ ನ್ಯಾನೋಮೀಟರ್ ಪಟ್ಟಿಯಲ್ಲಿ ಚದರ ಮೀಟರಿಗೆ ಸುಮಾರು 1.4 ವ್ಯಾಟ್ ಬೀಳುತ್ತದೆ ಎನ್ನಿ. 100 ಮೀಟರ್ ಆಳಕ್ಕೆ ಇಳಿಯುವಾಗ ಅದರ ಇಪ್ಪತ್ತರಲ್ಲೊಂದು ಪಾಲು ಉಳಿದೀತು. ಅಲ್ಲಿ ಒಂದು ಚದರ ಸೆಂಟಿಮೀಟರ್ ವಿಸ್ತೀರ್ಣದ ಬೆಳಕಿನ ಗ್ರಾಹಕವನ್ನು ಮೇಲ್ಮುಖವಾಗಿ ಇಟ್ಟು, ಒಂದು ನ್ಯಾನೋಮೀಟರ್ ಪಟ್ಟಿಯನ್ನು ಮಾತ್ರ ಒಳಬಿಡುವ ಫಿಲ್ಟರ್ ಹಾಕಿದೆವು. ಸೆಕೆಂಡಿಗೆ ಒಂದು ಕೋಟಿ ಬಿಟ್ ವೇಗದಲ್ಲಿ ಸಂದೇಶ ಬರುತ್ತಿದ್ದರೆ ಪ್ರತಿ ಬಿಟ್‌ಗೆ ಸಿಗುವ ಸಮಯ ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗ. ಅಷ್ಟರೊಳಗೆ ಆ ಗ್ರಾಹಕದ ಮೇಲೆ ಬೀಳುವ ಸೂರ್ಯನ ಫೋಟಾನುಗಳು ಸುಮಾರು 17 ಲಕ್ಷ.

17 ಲಕ್ಷ ಎಂಬುದೇ ಸಮಸ್ಯೆಯಲ್ಲ. ಅದು ಯಾವಾಗಲೂ ಅಷ್ಟೇ ಇದ್ದಿದ್ದರೆ ಕಳೆದುಬಿಡಬಹುದಿತ್ತು. ಹಂಚಿನ ಮಾಡಿನ ಮೇಲೆ ಒಂದೇ ಹದದಲ್ಲಿ ಮಳೆ ಹೊಯ್ಯುತ್ತಿದ್ದರೂ ಒಂದು ಹಂಚಿನ ಮೇಲೆ ಈ ಸೆಕೆಂಡಿನಲ್ಲಿ ಬಿದ್ದಷ್ಟೇ ಹನಿ ಮುಂದಿನ ಸೆಕೆಂಡಿನಲ್ಲಿ ಬೀಳುವುದಿಲ್ಲವಲ್ಲ, ಫೋಟಾನುಗಳೂ ಹಾಗೆಯೇ. ಸರಾಸರಿಯ ಆಚೀಚೆ ಅವು ಹೊಯ್ದಾಡುತ್ತವೆ, ಮತ್ತು ಆ ಹೊಯ್ದಾಟದ ಅಳತೆ ಸರಾಸರಿಯ ವರ್ಗಮೂಲ. 17 ಲಕ್ಷದ ವರ್ಗಮೂಲ ಸುಮಾರು 1,300. ನಮ್ಮ ಲೇಸರಿನ ಬಿಟ್ ಗುರುತು ಸಿಗಬೇಕಾದರೆ ಅದು ಈ 1,300ನ್ನು ಮೀರಿಸಬೇಕು. ಈಗ ಒಂದು ನ್ಯಾನೋಮೀಟರಿನ ಬದಲು ಅದರ ಇನ್ನೂರನೇ ಒಂದು ಭಾಗದಷ್ಟು ಕಿರಿದಾದ ಫಿಲ್ಟರ್ ಹಾಕಿ. ಸೂರ್ಯನ ಫೋಟಾನುಗಳು 8,500ಕ್ಕೆ ಇಳಿಯುತ್ತವೆ. ಅವುಗಳ ಹೊಯ್ದಾಟ 92. ಫಿಲ್ಟರನ್ನು ಇನ್ನೂರು ಪಟ್ಟು ಕಿರಿದು ಮಾಡಿದರೆ ಲಾಭ ಇನ್ನೂರು ಪಟ್ಟಲ್ಲ, ಹದಿನಾಲ್ಕು ಪಟ್ಟು.

ಹದಿನಾಲ್ಕು ಪಟ್ಟು ಲಾಭದಿಂದ ಎಷ್ಟು ದೂರ ಹೆಚ್ಚುತ್ತದೆ? ಫಿಲ್ಟರ್ ಮಾಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು ಎಂದು ನನ್ನ ಎಣಿಕೆ. ಎಷ್ಟೋ ಬರಹಗಳು ಇದನ್ನು ಕೇಳುವುದೇ ಇಲ್ಲ. ನೀರಿನಲ್ಲಿ ಬೆಳಕು ಮೀಟರಿಗಿಷ್ಟು ಪಾಲು ಎಂಬ ಲೆಕ್ಕದಲ್ಲಿ ಕರಗುತ್ತದೆ. 1972ರಲ್ಲಿ ಪೆಟ್‌ಜೋಲ್ಡ್ ಅಳೆದು ಪ್ರಕಟಿಸಿದ ಅಂಕಿಗಳನ್ನು ಇವತ್ತಿಗೂ ಎಲ್ಲರೂ ಬಳಸುತ್ತಾರೆ. ತಿಳಿಗಡಲಿನಲ್ಲಿ ಕಿರಣ ಕ್ಷೀಣಿಸುವ ದರ ಮೀಟರಿಗೆ ಸುಮಾರು 0.15, ಕರಾವಳಿಯಲ್ಲಿ 0.4, ಬಂದರಿನ ಕಲಕು ನೀರಿನಲ್ಲಿ 2.2. ಇವನ್ನು ಹಾಕಿದರೆ ಹದಿನಾಲ್ಕು ಪಟ್ಟು ಲಾಭ ತಿಳಿಗಡಲಿನಲ್ಲಿ 17 ಮೀಟರ್ ದೂರ ಕೊಡುತ್ತದೆ, ಕರಾವಳಿಯಲ್ಲಿ ಆರೂವರೆ ಮೀಟರ್, ಬಂದರಿನಲ್ಲಿ ಬರೀ 1.2 ಮೀಟರ್. ಇದು ನೀರೊಳಗೆ ಒಬ್ಬರಿಂದೊಬ್ಬರಿಗೆ ನೇರ ಕಿರಣ ಬಿಡುವವರ ಕತೆ. ಬಂದರಿನ ತಳದಲ್ಲಿ ಕೆಲಸ ಮಾಡುವ ರೋಬೋಗೆ ಅತಿ ಕಿರಿದಾದ ಫಿಲ್ಟರ್ ಕೊಡಿಸುವುದು ದುಡ್ಡು ನೀರಿಗೆಸೆದಂತೆಯೇ ಸರಿ.

ಮೇಲಿನಿಂದ, ಅಂದರೆ ವಿಮಾನದಿಂದಲೋ ಉಪಗ್ರಹದಿಂದಲೋ ಕೆಳಗಿನ ಜಲಾಂತರ್ಗಾಮಿಗೆ ಬೆಳಕು ಬಿಡುವಾಗ ಲೆಕ್ಕ ಬೇರೆ. ಅಲ್ಲಿ ಅಗಲವಾದ ಬೆಳಕಿನ ಹಚ್ಚಡವೊಂದು ಕಡಲ ಮೇಲೆ ಬೀಳುತ್ತದೆ. ಒಂದು ಕಡೆ ಚದುರಿ ಆಚೆ ಹೋದದ್ದು ಇನ್ನೊಂದು ಕಡೆಯಿಂದ ಈಚೆ ಬರುವುದರಿಂದ ಕರಗುವ ದರ ಮೀಟರಿಗೆ 0.03ರಷ್ಟೇ. ಜೊತೆಗೆ ಆಳಕ್ಕಿಳಿದಂತೆ ಲೇಸರಿನಷ್ಟೇ ಸೂರ್ಯನೂ ಮಂಕಾಗುತ್ತಾನೆ. ಅದೇ ಹದಿನಾಲ್ಕು ಪಟ್ಟು ಲಾಭ ಇಲ್ಲಿ ಕಾಗದದ ಲೆಕ್ಕದಲ್ಲಾದರೂ 100 ಮೀಟರಿಗೂ ಮಿಕ್ಕಿದ ಆಳ ಗಳಿಸಿಕೊಡುತ್ತದೆ. ಶೀತಲ ಸಮರದ ದಿನಗಳಲ್ಲಿ ಅಮೆರಿಕದ ನೌಕಾಪಡೆ ಜಗತ್ತಿನ ಅತಿ ಕಿರಿದಾದ ಫಿಲ್ಟರಿಗೆ ಹಟ ಹಿಡಿದದ್ದು ಇದಕ್ಕೇ.

ಕಿರಿದಾದ ಫಿಲ್ಟರ್ ಮಾಡುವ ಸಾಮಾನ್ಯ ದಾರಿ ಪದರಗಳದ್ದು. ಸೋಪಿನ ಗುಳ್ಳೆಯಲ್ಲಿ, ಒದ್ದೆ ರಸ್ತೆಯ ಮೇಲೆ ಚೆಲ್ಲಿದ ಎಣ್ಣೆಯಲ್ಲಿ ಬಣ್ಣ ಕಾಣುವ ಕಾರಣವೇ ಇಲ್ಲಿಯೂ. ತೆಳುಪದರದ ಎರಡು ಮೈಗಳಿಂದ ಹಿಂದಿರುಗುವ ಅಲೆಗಳು ಒಂದನ್ನೊಂದು ಕೂಡುತ್ತವೆ ಅಥವಾ ಕಳೆಯುತ್ತವೆ. 1899ರಲ್ಲಿ ಫ್ರಾನ್ಸಿನ ಶಾರ್ಲ್ ಫಾಬ್ರಿ ಮತ್ತು ಆಲ್ಫ್ರೆಡ್ ಪೆರೊ ಎದುರುಬದುರು ಇಟ್ಟ ಎರಡು ಅರೆಗನ್ನಡಿಗಳ ನಡುವೆ ಬೆಳಕನ್ನು ಮತ್ತೆ ಮತ್ತೆ ಓಡಾಡಿಸಿ, ಕನ್ನಡಿಗಳ ಅಂತರಕ್ಕೆ ಹೊಂದುವ ತರಂಗಾಂತರ ಮಾತ್ರ ಆಚೆ ಬರುವಂತೆ ಮಾಡಿದರು. ಇಂದಿನ ಫಿಲ್ಟರಿನಲ್ಲಿ ಆ ಕನ್ನಡಿಗಳನ್ನೂ ಪದರಗಳಿಂದಲೇ ಕಟ್ಟುತ್ತಾರೆ. ಸಿಲಿಕಾ ಒಂದು ಪದರ, ಟ್ಯಾಂಟಲಮ್ ಆಕ್ಸೈಡ್ ಒಂದು ಪದರ, ಹೀಗೆ ನಿರ್ವಾತ ಕೋಣೆಯಲ್ಲಿ ಗಾಜಿನ ಮೇಲೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಪದರ. 486 ನ್ಯಾನೋಮೀಟರಿನ ಫಿಲ್ಟರಿಗೆ ಸಿಲಿಕಾ ಪದರದ ದಪ್ಪ 83 ನ್ಯಾನೋಮೀಟರ್ ಇರಬೇಕು. ಎಲ್ಲ ಪದರಗಳೂ ನೂರಕ್ಕೆ ಒಂದರಷ್ಟು ದಪ್ಪವಾದರೆ ಫಿಲ್ಟರಿನ ನಡುಬಣ್ಣ ಐದು ನ್ಯಾನೋಮೀಟರ್ ಆಚೆ ಹೋಗಿ ಬೀಳುತ್ತದೆ, ಲೇಸರ್ ಗೋಡೆಗೆ ಬಡಿದಂತಾಗುತ್ತದೆ. ಅರ್ಧ ನ್ಯಾನೋಮೀಟರಿನೊಳಗೆ ಹಿಡಿದಿಡಬೇಕಾದರೆ ಪದರದ ಸರಾಸರಿ ದಪ್ಪದಲ್ಲಿ ಒಂದು ಪರಮಾಣುವಿನ ಅಗಲದಷ್ಟೂ ಲೋಪವಾಗಬಾರದು. ಪದರ ಕೂರುತ್ತಿರುವಾಗಲೇ ಅದರ ಮೂಲಕ ಬೆಳಕು ಹಾಯಿಸಿ ಅಳೆಯುತ್ತ, ಸರಿಯಾದ ಕ್ಷಣಕ್ಕೆ ನಿಲ್ಲಿಸುವ ವಿಧಾನದಿಂದ ಇದು ಸಾಧ್ಯವಾಗಿದೆ.

ಇಷ್ಟು ನಾಜೂಕಿನ ವಸ್ತು ಕಡಲಿಗಿಳಿದಾಗ ಸೋಲುವುದು ಓರೆ ಕಿರಣಕ್ಕೆ. ಕಿರಣ ಓರೆಯಾಗಿ ಬಂದರೆ ಪದರದೊಳಗೆ ಹೆಚ್ಚು ದೂರ ಸಾಗುತ್ತದೆ, ಆದ್ದರಿಂದ ಫಿಲ್ಟರಿನ ಬಣ್ಣ ಕೆಂಪಿನ ಕಡೆ ಸರಿಯಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆಗುವುದು ಉಲ್ಟಾ. ಓರೆಯಾದಾಗ ಪದರದ ಮೊದಲ ಮೈಯಿಂದಲೇ ಹಿಂದಿರುಗಿದ ಜೊತೆಯ ಅಲೆಯೂ ಹೊರಗೆ ಪಕ್ಕಕ್ಕೆ ಒಂದಿಷ್ಟು ಸಾಗಿರುತ್ತದೆ. ಅದನ್ನು ಕಳೆದರೆ ಎರಡು ಅಲೆಗಳ ನಡುವಿನ ಅಂತರ ಕಡಿಮೆಯೇ ಆಗಿರುತ್ತದೆ. ಹಾಗಾಗಿ ಫಿಲ್ಟರ್ ನೀಲಿಯ ಕಡೆ ಸರಿಯುತ್ತದೆ. 532 ನ್ಯಾನೋಮೀಟರಿನ ಹಸಿರು ಲೇಸರಿಗೆ ಮಾಡಿದ ಒಂದು ಮಾದರಿ ಫಿಲ್ಟರಿನಲ್ಲಿ 5 ಡಿಗ್ರಿ ಓರೆಗೆ ಅರ್ಧ ನ್ಯಾನೋಮೀಟರ್, 10 ಡಿಗ್ರಿಗೆ ಎರಡು, 30 ಡಿಗ್ರಿಗೆ 17 ನ್ಯಾನೋಮೀಟರ್ ಸರಿತ. ಚದುರಿ ಚದುರಿ ಇಳಿದ ಬೆಳಕು ನೂರು ಮೀಟರ್ ಆಳದಲ್ಲಿ ಎಲ್ಲ ದಿಕ್ಕಿನಿಂದ ಬರುತ್ತದೆ. ಒಂದು ನ್ಯಾನೋಮೀಟರಿನ ಫಿಲ್ಟರ್ ನೆಟ್ಟಗೆ ಬಂದ ಬೆರಳೆಣಿಕೆಯ ಕಿರಣಗಳನ್ನು ಮಾತ್ರ ಒಳಬಿಟ್ಟು, ಉಳಿದ ನಮ್ಮದೇ ಸಂದೇಶವನ್ನು ಸೂರ್ಯನ ಜೊತೆ ಹೊರಗೆ ತಳ್ಳುತ್ತದೆ.

ಮಸೂರ ಹಾಕಿ ಓರೆ ಕಿರಣಗಳನ್ನು ನೆಟ್ಟಗೆ ಮಾಡಬಾರದೇ? ಮಾಡಬಹುದು, ಆದರೆ ಪುಕ್ಕಟೆಯಲ್ಲ. ಕಿರಣಗಳ ಹರವನ್ನು ಕುಗ್ಗಿಸಿದರೆ ಅವು ಹಬ್ಬುವ ಜಾಗ ಹಿಗ್ಗಲೇಬೇಕು ಎಂಬುದು ದೃಗ್ವಿಜ್ಞಾನದ ಕಟ್ಟುನಿಟ್ಟಿನ ನಿಯಮ. 30 ಡಿಗ್ರಿ ಹರವಿನ ಬೆಳಕನ್ನು 5 ಡಿಗ್ರಿಗೆ ತರಬೇಕಾದರೆ ಫಿಲ್ಟರಿನ ವಿಸ್ತೀರ್ಣ 33 ಪಟ್ಟು ದೊಡ್ಡದಾಗಬೇಕು. ಇನ್ನೊಂದು ಜಾಣ ಉಪಾಯ, ಕೋಣೆಯೊಳಗಿನ ಅವಕೆಂಪು (ಇನ್‌ಫ್ರಾರೆಡ್) ಸಂಪರ್ಕಕ್ಕಾಗಿ ಹೊಳೆದದ್ದು: ಫಿಲ್ಟರನ್ನು ಚಪ್ಪಟೆ ಗಾಜಿನ ಬದಲು ಅರ್ಧಗೋಲದ ಮೇಲೆ ಲೇಪಿಸಿ, ನಟ್ಟನಡುವೆ ಪುಟ್ಟ ಗ್ರಾಹಕ ಕೂರಿಸುವುದು. ಆಗ ಗ್ರಾಹಕಕ್ಕೆ ಮುಟ್ಟುವ ಕಿರಣ ಯಾವ ಕಡೆಯಿಂದ ಬಂದರೂ ಗೋಲದ ಮೈಯನ್ನು ಹೆಚ್ಚುಕಡಿಮೆ ನೇರವಾಗಿಯೇ ದಾಟಿರುತ್ತದೆ. ಕಾಗದದ ಮೇಲೆ ಸೊಗಸು. ಗೋಲದ ನೆತ್ತಿಯಿಂದ ಅಂಚಿನವರೆಗೆ ಪದರದ ದಪ್ಪ ಒಂದೇ ಸಮ ಇರುವಂತೆ ಲೇಪಿಸುವುದು ಮಾತ್ರ ತಲೆನೋವು. ಎದುರಿನಿಂದ ಹಾರಿಬರುವ ಲೇಪನದ್ರವ್ಯ ಇಳಿಜಾರಿನ ಮೇಲೆ ತೆಳ್ಳಗೆ ಕೂರುತ್ತದೆ.

ಖಗೋಳಜ್ಞರ ಕೈಯಲ್ಲಿ ಇನ್ನೊಂದು ಫಿಲ್ಟರ್ ಇತ್ತು. 1930ರ ದಶಕದಲ್ಲಿ ಫ್ರಾನ್ಸಿನ ಬರ್ನಾರ್ ಲಿಯೊ ಸೂರ್ಯನನ್ನು ಒಂದೇ ಬಣ್ಣದಲ್ಲಿ ನೋಡಲು ಕಟ್ಟಿದ್ದು. ಸ್ಫಟಿಕದ ಬಿಲ್ಲೆಗಳು ಒಂದಕ್ಕಿಂತ ಒಂದು ಇಮ್ಮಡಿ ದಪ್ಪ, ಪ್ರತಿ ಎರಡರ ನಡುವೆ ಧ್ರುವಕ, ಅಂದರೆ ನಿಕಾಲ್ ಪಟ್ಟಕದಂತೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಸಾಧನ. ಹತ್ತನೇ ಒಂದು ನ್ಯಾನೋಮೀಟರಿಗಿಂತಲೂ ಕಿರಿದು ಮಾಡಬಹುದು, ಓರೆ ಕಿರಣವನ್ನೂ ತಕ್ಕಮಟ್ಟಿಗೆ ಸಹಿಸುವಂತೆ ಜೋಡಿಸಬಹುದು. ಮೊದಲ ಧ್ರುವಕವೇ ಅರ್ಧ ಬೆಳಕು ತಿನ್ನುತ್ತದೆ, ಭಾರವೂ ಹೆಚ್ಚು, ಉಷ್ಣತೆಯನ್ನೂ ಕಾಯಬೇಕು. ಇಷ್ಟು ಸಾಕು ಅದರ ಬಗ್ಗೆ.

ನಿಜವಾದ ತಿರುವು ಬಂದದ್ದು ಪದರಗಳನ್ನು ಬಿಟ್ಟು ಪರಮಾಣುಗಳ ಮೊರೆಹೋದಾಗ. ಪರಮಾಣು ತನಗೆ ಒಪ್ಪುವ ಬಣ್ಣವನ್ನಷ್ಟೇ ಹೀರುತ್ತದೆ. ಆ ಬೆಳಕು ಯಾವ ದಿಕ್ಕಿನಿಂದ ಬಂತು ಎಂಬುದು ಅದಕ್ಕೆ ಬೇಡದ ವಿಚಾರ. ಕಿರಿದಾದ ಪಟ್ಟಿ, ಅಗಲವಾದ ನೋಟ ಎರಡೂ ಒಟ್ಟಿಗೆ ಸಿಗುವುದು ಇಲ್ಲಿ. 1979ರಲ್ಲಿ ಮಾರ್ಲಿಂಗ್ ಮತ್ತು ಸಂಗಡಿಗರು ಇಂಥ ಫಿಲ್ಟರಿನ ವಿವರ ಪ್ರಕಟಿಸಿದರು. ಅದರಲ್ಲಿ ಆಮೇಲೆ ಹೆಸರಾದದ್ದು ಸೀಸಿಯಮ್. ಮಂಗಳೂರಿನ ಬೇಸಿಗೆಯಲ್ಲಿ ತಾನೇ ಕರಗಿಬಿಡುವ ಲೋಹ ಅದು, ಕರಗುವ ಬಿಂದು 28.5 ಡಿಗ್ರಿ ಸೆಲ್ಸಿಯಸ್. ಗಾಜಿನ ಡಬ್ಬಿಯಲ್ಲಿಟ್ಟು ಇನ್ನಷ್ಟು ಬಿಸಿ ಮಾಡಿದರೆ ಬೇಕಾದಷ್ಟು ಆವಿ ಸಿಗುತ್ತದೆ. ಸೀಸಿಯಮ್ ಪರಮಾಣು 455.5 ಮತ್ತು 459.3 ನ್ಯಾನೋಮೀಟರಿನ ನೀಲಿಯನ್ನು ಹೀರುತ್ತದೆ. ಎರಡೂ ನಡುಗಡಲಿನ ಕಿಟಕಿಯೊಳಗಿನ ಬಣ್ಣಗಳೇ. ಹೀರಿದ ಶಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಕೊನೆಗೆ 852 ಮತ್ತು 894 ನ್ಯಾನೋಮೀಟರಿನ ಅವಕೆಂಪು ಬೆಳಕಾಗಿ ಹೊರಬಿಡುತ್ತದೆ.

ಆವಿಯ ಡಬ್ಬಿಯ ಮುಂದೆ ನೀಲಿಯನ್ನು ಮಾತ್ರ ಬಿಡುವ ಗಾಜು, ಹಿಂದೆ ಅವಕೆಂಪನ್ನು ಮಾತ್ರ ಬಿಡುವ ಗಾಜು. ಎರಡನ್ನೂ ಒಟ್ಟಿಗೆ ಹಿಡಿದರೆ ಏನೂ ಕಾಣದು, ಪೂರ್ತಿ ಕತ್ತಲೆ. ಸೂರ್ಯನ ನೀಲಿ ಮೊದಲ ಗಾಜು ದಾಟಿ ಎರಡನೆಯದಕ್ಕೆ ಬಡಿದು ಸಾಯುತ್ತದೆ; ಸೂರ್ಯನ ಅವಕೆಂಪು ಮೊದಲ ಗಾಜಿನಲ್ಲೇ ಸಾಯುತ್ತದೆ. ಎರಡನ್ನೂ ದಾಟಬಲ್ಲದ್ದು ನಡುವೆ ಸೀಸಿಯಮ್ ಪರಮಾಣುವಿನೊಳಗೆ ಹೊಕ್ಕು ಬಣ್ಣ ಬದಲಿಸಿಕೊಂಡ ಬೆಳಕು ಮಾತ್ರ. ಒಳಬರುವ ಪಟ್ಟಿಯ ಅಗಲ ನ್ಯಾನೋಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಈ ಜೋಡಣೆಯನ್ನು ಮೊದಲ ಸಲ ಓದಿದಾಗ ಎಲ್ಲೋ ನೋಡಿದ್ದೇನೆ ಅನ್ನಿಸಿತು. ನೋಡಿದ್ದು ಕಲ್ಕತ್ತೆಯಲ್ಲಿ 1928ರಲ್ಲಿ ನಡೆದ ಪ್ರಯೋಗದ ವಿವರಣೆಯಲ್ಲಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಬಿಸಿಲನ್ನು ನೀಲಿ-ನೇರಳೆ ಗಾಜಿನ ಮೂಲಕ ಹಾಯಿಸಿ ದ್ರವದೊಳಗೆ ಬಿಟ್ಟರು. ದ್ರವದಿಂದ ಚದುರಿ ಬಂದ ಬೆಳಕನ್ನು ಹಸಿರು ಛಾಯೆಯ ಇನ್ನೊಂದು ಗಾಜಿನ ಮೂಲಕ ನೋಡಿದರು. ಎರಡು ಗಾಜುಗಳೂ ಸೇರಿದರೆ ಕತ್ತಲೆ ಆಗಬೇಕಿತ್ತು. ಆಗಲಿಲ್ಲ. ದ್ರವದ ಅಣುಗಳು ಬೆಳಕಿನ ಬಣ್ಣವನ್ನೇ ಬದಲಿಸಿದ್ದವು. ಅದರ ಪೂರ್ಣ ವಿವರಣೆಯನ್ನು ರಾಮನ್ ಕೊಟ್ಟದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರ ಉಪನ್ಯಾಸದಲ್ಲಿ. ಅಲ್ಲಿ ಬದಲಿಸಿದ್ದು ಅಣು, ಇಲ್ಲಿ ಪರಮಾಣು. ಅಲ್ಲಿ ಹೊಸ ವಿದ್ಯಮಾನ ಹುಡುಕಲು, ಇಲ್ಲಿ ಹಗಲನ್ನು ತಡೆಯಲು. ಗಾಜುಗಳ ತರ್ಕ ಒಂದೇ.

ಸಂಬಂಧ ಇಷ್ಟಕ್ಕೇ ಮುಗಿಯುವುದಿಲ್ಲ. ಸೀಸಿಯಮ್ 459 ನ್ಯಾನೋಮೀಟರನ್ನೇ ಬೇಡುತ್ತದೆ ಎಂದಮೇಲೆ ಅಷ್ಟೇ ನಿಖರವಾದ, ಶಕ್ತಿಶಾಲಿಯಾದ ಲೇಸರ್ ಬೇಕಲ್ಲ. ಅಂಥದ್ದು ನೇರವಾಗಿ ಸಿಗಲಿಲ್ಲ. ಆಗ ಕೈಗೆ ಬಂದದ್ದು 308 ನ್ಯಾನೋಮೀಟರಿನ ಕ್ಸೆನಾನ್ ಕ್ಲೋರೈಡ್ ಲೇಸರ್. ಅದರ ಅತಿನೇರಳೆ ಬೆಳಕನ್ನು ಕಾದ ಸೀಸದ ಆವಿಯೊಳಗೆ ಹಾಯಿಸಿದರೆ, ಸೀಸದ ಪರಮಾಣು ಒಂದು ಪಾಲು ಶಕ್ತಿಯನ್ನು ಇಟ್ಟುಕೊಂಡು ಉಳಿದದ್ದನ್ನು 459 ನ್ಯಾನೋಮೀಟರಾಗಿ ಮರಳಿಸುತ್ತದೆ. ಇದು ರಾಮನ್ ಪರಿಣಾಮವೇ, ಲೇಸರಿನ ರಭಸದಲ್ಲಿ ಎಷ್ಟೋ ಪಟ್ಟು ಉಕ್ಕಿಸಿದ್ದು. 1980ರ ದಶಕದ ಅಮೆರಿಕದ ಪ್ರಯೋಗಗಳಲ್ಲಿ ವಿಮಾನಕ್ಕೂ ಮುಳುಗಿದ್ದ ಜಲಾಂತರ್ಗಾಮಿಗೂ ಲೇಸರ್ ಸಂಪರ್ಕ ಏರ್ಪಟ್ಟಿತು. ಡಾಲ್ಫಿನ್ ಎಂಬ ಪುಟ್ಟ ಸಂಶೋಧನಾ ಜಲಾಂತರ್ಗಾಮಿಯ ಹೆಸರು ಈ ಚರಿತ್ರೆಯಲ್ಲಿ ಉಳಿದಿದೆ. ಉಪಗ್ರಹದಿಂದ ಕಳಿಸುವ ಯೋಜನೆ ಸೇವೆಗೆ ಬರುವ ಮೊದಲೇ ಶೀತಲ ಸಮರ ಮುಗಿಯಿತು.

ಉಪಗ್ರಹಕ್ಕೊಂದು ಬೇರೆಯೇ ತೊಡಕಿತ್ತು. ಕೆಳಕಕ್ಷೆಯ ಉಪಗ್ರಹ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುತ್ತದೆ. ನಮ್ಮತ್ತ ಬರುವಾಗ ಅದರ ಬೆಳಕು ತುಸು ನೀಲಿಗೆ, ದೂರ ಸರಿಯುವಾಗ ತುಸು ಕೆಂಪಿಗೆ ಸರಿಯುತ್ತದೆ. ಎಷ್ಟು? 459ರಲ್ಲಿ ಹೆಚ್ಚೆಂದರೆ ನ್ಯಾನೋಮೀಟರಿನ ನೂರನೇ ಒಂದು ಭಾಗ. ಪದರದ ಫಿಲ್ಟರಿಗೆ ಇದು ಗಮನಕ್ಕೇ ಬಾರದು, ಸೀಸಿಯಮ್‌ಗೆ ಬಾಗಿಲು ಮುಚ್ಚಲು ಅಷ್ಟೇ ಸಾಕು. ಜಲಾಂತರ್ಗಾಮಿಯ ಸ್ವಂತ ವೇಗದಿಂದ ಆಗುವ ಸರಿತ ಲೆಕ್ಕಕ್ಕಿಲ್ಲ. ಇನ್ನೊಂದು ಕೊರತೆ ನಿಧಾನ. ಪರಮಾಣು ಬೆಳಕನ್ನು ನುಂಗಿ, ಮೆಟ್ಟಿಲಿಳಿದು, ಹೊರಹಾಕಿ, ಅದನ್ನು ಪಕ್ಕದ ಪರಮಾಣು ಮತ್ತೆ ನುಂಗಿ, ಹೀಗೆ ಡಬ್ಬಿಯಿಂದ ಹೊರಬೀಳುವಷ್ಟರಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಹೊತ್ತು ಕಳೆದಿರುತ್ತದೆ. ಸೆಕೆಂಡಿಗೆ ಕೋಟಿ ಬಿಟ್ ಕಳಿಸುವವರಿಗೆ ಇದು ಆಗದು. 15 ನಿಮಿಷಕ್ಕೆ ಮೂರಕ್ಷರ ಪಡೆಯುತ್ತಿದ್ದ ನೌಕಾಪಡೆಗೆ ಧಾರಾಳವಾಯಿತು.

ವೇಗ ಬೇಕೆನ್ನುವವರು ಫ್ಯಾರಡೆಯ ದಾರಿ ಹಿಡಿದರು. ಕಾಂತಕ್ಷೇತ್ರದಲ್ಲಿ ಬೆಳಕಿನ ಕಂಪನದ ದಿಕ್ಕು ತಿರುಗುತ್ತದೆ ಎಂದು ಅವನು ಕಂಡುಕೊಂಡದ್ದು 1845ರಲ್ಲಿ. ಪರಮಾಣು ಆವಿಯಲ್ಲಿ ಈ ತಿರುಗುವಿಕೆ ಆ ಪರಮಾಣುವಿನ ಸ್ವಂತ ಬಣ್ಣದ ಆಸುಪಾಸಿನಲ್ಲಿ ಮಾತ್ರ ಜೋರು. ಅಡ್ಡಡ್ಡ ನಿಲ್ಲಿಸಿದ ಎರಡು ಧ್ರುವಕಗಳ ನಡುವೆ ಆವಿ ಮತ್ತು ಕಾಂತ ಇಟ್ಟರೆ ತಿರುಗಿದ ಬಣ್ಣವಷ್ಟೇ ಆಚೆ ಬರುತ್ತದೆ. ಸ್ವೀಡನ್ನಿನ ಇಂಗ್ವೆ ಓಮನ್ 1956ರಲ್ಲೇ ಸೌರ ವೀಕ್ಷಣೆಗೆ ಈ ಉಪಾಯ ಹೇಳಿದ್ದ. ಇಲ್ಲಿ ಪರಮಾಣು ಬೆಳಕನ್ನು ನುಂಗಿ ಕೂರುವುದಿಲ್ಲ, ಆದ್ದರಿಂದ ತಡವಿಲ್ಲ.

ಸೂರ್ಯನ ಬೆಳಕಿನಲ್ಲೇ ಕತ್ತಲೆಯ ಗೆರೆಗಳಿವೆ ಎಂಬುದೂ ಫಿಲ್ಟರ್ ಕಟ್ಟುವವರ ಕಣ್ಣಿಗೆ ಬಿದ್ದಿತ್ತು. 1814ರ ಸುಮಾರಿಗೆ ಫ್ರೌನ್‌ಹೋಫರ್ ಗುರುತಿಸಿದ ಗೆರೆಗಳವು; ಸೂರ್ಯನ ಹೊರಪದರದ ಜಲಜನಕ, ಮೆಗ್ನೀಸಿಯಮ್, ಕ್ಯಾಲ್ಸಿಯಮ್ ಪರಮಾಣುಗಳು ಮೊದಲೇ ನುಂಗಿಹಾಕಿದ ಬಣ್ಣಗಳು. ಜಲಜನಕದ 486.1, ಕ್ಯಾಲ್ಸಿಯಮಿನ 422.7 ಎರಡೂ ನೀಲಿ ಕಿಟಕಿಯ ಆಸುಪಾಸಿನಲ್ಲೇ ಇವೆ. ಲೇಸರನ್ನು ಅಂಥದ್ದೊಂದು ಗೆರೆಯೊಳಗೆ ಕೂರಿಸಿ, ಗೆರೆಗಿಂತ ಕಿರಿದಾದ ಫಿಲ್ಟರ್ ಹಾಕಿದರೆ ಸೂರ್ಯ ತಾನಾಗಿ ಮಂಕು. ಕ್ಯಾಲ್ಸಿಯಮ್ ಗೆರೆಯಲ್ಲಿ ಕ್ಯಾಲ್ಸಿಯಮ್ ಆವಿಯ ಫಿಲ್ಟರನ್ನೇ ಹಾಕಬಹುದು ಎಂಬುದು ಅಂದದ ಯೋಚನೆ, ಆದರೆ ಅದಕ್ಕೆ ಡಬ್ಬಿಯನ್ನು ನೂರಾರು ಡಿಗ್ರಿ ಕಾಯಿಸಬೇಕು. ಮತ್ತೆ ಇಲ್ಲಿ ರಾಮನ್ ಅಡ್ಡ ಬರುತ್ತಾರೆ. ನೀರಿನ ಅಣು ಬೆಳಕಿನ ಬಣ್ಣ ಬದಲಿಸುವಾಗ 417 ನ್ಯಾನೋಮೀಟರಿನ ಆಸುಪಾಸಿನದು 486ಕ್ಕೆ ಬಂದು ಬೀಳುತ್ತದೆ. 417 ಎಂದರೆ ಶುದ್ಧ ನೀರು ಅತಿ ಕಡಿಮೆ ಹೀರುವ ಬಣ್ಣವೇ ಹೆಚ್ಚುಕಡಿಮೆ. ಅದು ಆಳಕ್ಕೆ ಧಾರಾಳವಾಗಿ ಇಳಿಯುತ್ತದೆ, ಇಳಿಯುತ್ತ ಜಲಜನಕದ ಕತ್ತಲ ಗೆರೆಯನ್ನು ತುಂಬುತ್ತ ಹೋಗುತ್ತದೆ. 1990ರ ದಶಕದಲ್ಲಿ ಸಮುದ್ರ ವಿಜ್ಞಾನಿಗಳು ಹೀಗೆ ತುಂಬಿದ ಗೆರೆಗಳನ್ನು ನೀರೊಳಗೇ ಅಳೆದರು. ಮೇಲಿನಿಂದ ಕಂಡಷ್ಟು ಕಪ್ಪು ಕೆಳಗಿಲ್ಲ.

ಇವತ್ತಿನ ಕಡಲೊಳಗಿನ ಸಂಪರ್ಕದಲ್ಲಿ ಹೆಚ್ಚಿನ ಪಾಲು ಇಷ್ಟು ದೊಡ್ಡ ಹಂಬಲದ್ದಲ್ಲ. 2014ರ ನೊಬೆಲ್ ಗಳಿಸಿದ ಗ್ಯಾಲಿಯಮ್ ನೈಟ್ರೈಡಿನ ನೀಲಿ ಎಲ್‌ಇಡಿ ಮತ್ತು ಅದರ ಬೆನ್ನಿಗೆ ಬಂದ ನೀಲಿ ಲೇಸರ್ ಡಯೋಡು ಅಗ್ಗವಾಗಿ ಸಿಗುತ್ತವೆ. ತಳದಲ್ಲಿ ಕೂತ ಉಪಕರಣದ ಬಳಿಗೆ ರೋಬೋ ಹೋಗಿ ಹತ್ತಾರು ಮೀಟರ್ ದೂರದಿಂದ ದತ್ತಾಂಶ ಹೀರಿಕೊಂಡು ಬರುತ್ತದೆ. ಎಲ್‌ಇಡಿಯ ಬಣ್ಣವೇ 20 ನ್ಯಾನೋಮೀಟರಿಗೂ ಮಿಕ್ಕಿ ಹರಡಿರುತ್ತದೆ. ಲೇಸರ್ ಡಯೋಡು ಕಿರಿದು, ಆದರೆ ಒಂದು ಡಿಗ್ರಿ ಬಿಸಿಯೇರಿದರೆ ಸುಮಾರು 0.05 ನ್ಯಾನೋಮೀಟರ್ ಸರಿಯುತ್ತದೆ. 20 ಡಿಗ್ರಿಗೆ ಒಂದು ನ್ಯಾನೋಮೀಟರ್. ಹೀಗಾಗಿ ಹಲವು ನ್ಯಾನೋಮೀಟರ್ ಅಗಲದ ಪದರದ ಫಿಲ್ಟರೇ ಇವಕ್ಕೆ ತಕ್ಕದ್ದು. ಅಡ್ಡಲಾಗಿ ನೋಡುವ ಗ್ರಾಹಕಕ್ಕೆ ಸೂರ್ಯನ ಕಾಟವೂ ಕಡಿಮೆ: ವಕ್ರೀಭವನದಿಂದಾಗಿ ಆಕಾಶವೆಲ್ಲ ನೆತ್ತಿಯ ಮೇಲಿನ 97 ಡಿಗ್ರಿ ಅಗಲದ ಶಂಕುವಿನೊಳಗೆ ಅಡಕವಾಗಿರುತ್ತದೆ.

ಆಳದಲ್ಲಿ ಸೂರ್ಯನ ಬದಲು ರೋಬೋದ ಸ್ವಂತ ದೀಪವೇ ಶತ್ರು. ಬಿಳಿ ಎಲ್‌ಇಡಿ ದೀಪದೊಳಗೆ ಇರುವುದು 450 ನ್ಯಾನೋಮೀಟರಿನ ನೀಲಿ ಎಲ್‌ಇಡಿ. ಅದು ಸಂದೇಶದ ಬಣ್ಣವೇ. ಕ್ಯಾಮೆರಾಗೆ ದೀಪ ಬೇಕು, ದೀಪ ಹಚ್ಚಿದರೆ ಮಾತು ಕೇಳಿಸದು. ಬ್ರಿಟನ್ನಿನ ಸೊನಾರ್‌ಡೈನ್ ಕಂಪನಿ ಇದಕ್ಕೆ ಸಂದೇಶವನ್ನೇ ಅತಿನೇರಳೆಗೆ ಒಯ್ದ ಮೋಡೆಮ್ ತಂದಿತು. ಆ ಬಣ್ಣಕ್ಕೆ ನೀರು ನೀಲಿಯಷ್ಟು ಉದಾರಿಯಲ್ಲ, ದೂರ ಕಡಿಮೆಯಾಗುತ್ತದೆ. ಆದರೆ ದೀಪದ ಬೆಳಕು ಶುರುವಾಗುವ ಮೊದಲೇ ಸಂದೇಶದ ಪಟ್ಟಿ ಮುಗಿದಿರುವುದರಿಂದ ಫಿಲ್ಟರಿನ ಕೆಲಸ ಸಲೀಸು. ನನಗೆ ಇದು ಕಿರಿದಾದ ಫಿಲ್ಟರಿಗಿಂತ ಬುದ್ಧಿವಂತ ಪರಿಹಾರವಾಗಿ ಕಾಣುತ್ತದೆ.

ಬಣ್ಣದ ಫಿಲ್ಟರ್ ಪೂರ್ತಿ ಕೈಚೆಲ್ಲುವುದು ಜೀವಿಗಳ ಎದುರು. ಆಳಸಮುದ್ರದ ಮಿಣುಕುಜೀವಿಗಳ ಬೆಳಕು ಬಹುಪಾಲು 470ರಿಂದ 490 ನ್ಯಾನೋಮೀಟರಿನ ನೀಲಿ. ನೀರಿನ ಕಿಟಕಿ ಅವಕ್ಕೂ ಅದೇ. ಅರೆಗತ್ತಲಿನ ಪದರದಲ್ಲಿ ಕೆಲವು ಮೀನುಗಳು ಹೊಟ್ಟೆಯಡಿ ದೀಪ ಹಚ್ಚಿಕೊಂಡು ಮೇಲಿನ ಮಂದ ಬೆಳಕಿನಲ್ಲಿ ತಮ್ಮ ನೆರಳನ್ನು ಅಳಿಸಿಕೊಳ್ಳುತ್ತವೆ. ಅವನ್ನು ತಿನ್ನುವ ಕೆಲವು ಮೀನುಗಳ ಕಣ್ಣಿನ ಮಸೂರ ಹಳದಿ. ಮೇಲಿನಿಂದ ಇಳಿಯುವ ನೀಲಿಯನ್ನು ಈ ಹಳದಿ ಹೆಚ್ಚು ತಡೆದು, ದೀಪದ ತುಸು ಬೇರೆಯಾದ ಬಣ್ಣವನ್ನು ಎದ್ದು ಕಾಣಿಸುತ್ತದೆ ಎಂದು ಜೀವವಿಜ್ಞಾನಿಗಳು ವಿವರಿಸುತ್ತಾರೆ. ಮೀನಿಗೆ ಬೇಕಾದ ಬೆಳಕು ನಮಗೆ ಬೇಡದ್ದು. ಫ್ರಾನ್ಸಿನ ತೂಲಾನ್ ಕರಾವಳಿಯಾಚೆ ಸುಮಾರು 2,475 ಮೀಟರ್ ಆಳದಲ್ಲಿದ್ದ ಆಂಟಾರೆಸ್ ನ್ಯೂಟ್ರಿನೊ ದೂರದರ್ಶಕದ ಬೆಳಕಿನ ಗ್ರಾಹಕಗಳನ್ನು ಇಂಥ ಮಿಣುಕುಗಳ ಜೊತೆಗೆ ಉಪ್ಪುನೀರಿನ ಪೊಟ್ಯಾಸಿಯಮ್-40 ವಿಕಿರಣದಿಂದ ಹುಟ್ಟುವ ನೀಲಿಯೂ ಎಡೆಬಿಡದೆ ಕಾಡುತ್ತಿತ್ತು.

ಇಲ್ಲಿ ಸೋಸಬೇಕಾದದ್ದು ಕಾಲವನ್ನು. ಜೀವಿಯ ಮಿಣುಕು ಮಿಲಿಸೆಕೆಂಡುಗಳಿಂದ ಸೆಕೆಂಡುಗಳವರೆಗೆ ಏರಿಳಿಯುತ್ತದೆ, ಸಂದೇಶದ ಮಿಡಿತ ನ್ಯಾನೋಸೆಕೆಂಡುಗಳದ್ದು. ಗ್ರಾಹಕದ ಹಿಂದೆ ಕೆಲವೇ ರೂಪಾಯಿಯ ಒಂದು ಕೆಪಾಸಿಟರ್ ನಿಧಾನದ ಏರಿಳಿತವನ್ನು ತಡೆದು ಮಿಡಿತವನ್ನಷ್ಟೇ ಮುಂದೆ ಕಳಿಸುತ್ತದೆ. ರೋಬೋದ ಮೈಗೆ ತಾಗಿ ಹತ್ತಿರದಲ್ಲೇ ಏನಾದರೂ ಜೋರಾಗಿ ಹೊಳೆದು ಗ್ರಾಹಕದ ಕಣ್ಣು ಕೋರೈಸಿದರೆ ಕೆಪಾಸಿಟರೂ ಏನೂ ಮಾಡಲಾರದು. ಆಗ ಯಂತ್ರ ಸ್ವಲ್ಪ ಹೊತ್ತು ಕಾದು, ಕಳೆದುಹೋದ ತುಣುಕನ್ನು ಮತ್ತೊಮ್ಮೆ ಕಳಿಸಲು ಕೇಳುತ್ತದೆ.